ರೊಟ್ಟಿ ಗಾಡಿಯ ಹೀಟರ್

ಗುರುಪಾದಪ್ಪ ತನ್ನ ಪಿಕಪ್ಪನ್ನು ಒಯ್ದು ಬೇಕರಿಯ ಬೆಂಚಿಗೆ ಗುದ್ದಿದ ದಿನ ಸೋಲದೇವನಹಳ್ಳಿಯಲ್ಲಿ ಜಿಟಿಜಿಟಿ ಮಳೆ. ಬೆಂಚಿನ ಮೇಲೆ ಯಾರೂ ಕೂತಿರಲಿಲ್ಲ ಅನ್ನುವುದೊಂದೇ ಪುಣ್ಯ. ಬೆಂಚಿನ ಕಾಲು ಮುರಿಯಿತು, ಗಾಡಿಯ ಬಂಪರ್ ಸೊಟ್ಟಗಾಯಿತು, ಮನೆಯಲ್ಲಿ ಅಂದು ಶುರುವಾದ ಜಗಳ ಶ್ರಾವಣದವರೆಗೂ ಎಳೆಯಿತು.

ಆ ಮನೆ ನಡೆಯುವುದು ರೊಟ್ಟಿಯ ಮೇಲೆ. ಗುರುಪಾದಪ್ಪ ಬಸವನ ಬಾಗೇವಾಡಿ ಕಡೆಯವನು. ಪೀಣ್ಯದ ಫ್ಯಾಕ್ಟರಿಯೊಂದಕ್ಕೆ ಬಂದು, ಅಲ್ಲೇ ತಲೆ ನೆರೆದು, ರಿಟೈರಾದ ಮೇಲೆ ಈ ಹಳೆ ಪಿಕಪ್ ಕೊಂಡಿದ್ದ. ಹೆಂಡತಿ ರತ್ನವ್ವ ಅದಕ್ಕೂ ಮೊದಲೇ ಹಿತ್ತಲ ಶೆಡ್ಡಿನಲ್ಲಿ ನಾಲ್ಕಾರು ಹೆಂಗಸರನ್ನು ಕೂಡಿಸಿಕೊಂಡು ಜೋಳದ ರೊಟ್ಟಿ ತಟ್ಟಿಸುತ್ತಿದ್ದಳು. ಬೆಳಿಗ್ಗೆ ಬಿಸಿ ರೊಟ್ಟಿಯ ಗಂಟುಗಳು ಕಾಲೇಜು ಹಾಸ್ಟೆಲಿನ ಮೆಸ್ಸುಗಳಿಗೆ, ಆಮೇಲೆ ಯಶವಂತಪುರದ ಖಾನಾವಳಿಗಳಿಗೆ ಹೋಗಬೇಕು. ಬೇಸಿಗೆಯಲ್ಲಿ ಗಂಟುಗಳು ಗಾಡಿಯ ಹಿಂದೆ ಕೂರುತ್ತವೆ. ಮಳೆಗಾಲದಲ್ಲಿ, ನೆನೆಯಬಾರದೆಂದು, ಮುಂದೆ ಡ್ರೈವರನ ಪಕ್ಕದಲ್ಲಿ. ಬಿಸಿ ರೊಟ್ಟಿ ಬಟ್ಟೆಯೊಳಗಿನಿಂದಲೇ ಹಬೆಯಾಡುತ್ತದೆ, ಸ್ವಲ್ಪ ಹೊತ್ತಿಗೆ ಮುಂದಿನ ಗಾಜು ಪೂರ್ತಿ ಮಬ್ಬು. ಕಿಟಕಿ ತೆಗೆದರೆ ರೊಟ್ಟಿಗೆ ಮಳೆ, ಮುಚ್ಚಿದರೆ ರಸ್ತೆಯೇ ಇಲ್ಲ. ಬೆಂಗಳೂರಲ್ಲಿ ಗಾಡಿಗೆ ಹೀಟರ್ ಯಾಕೆ ಎಂದು ಆಮೇಲೆ ಕಂಡಕಂಡವರೆಲ್ಲ ನಕ್ಕರಲ್ಲ, ಇದಕ್ಕೇ ಬೇಕು. ಡ್ಯಾಶ್‌ಬೋರ್ಡಿನೊಳಗಿನ ಪುಟ್ಟ ಫ್ಯಾನು ಗಾಜಿಗೆ ಬಿಸಿಗಾಳಿ ಊದಿದರೆ ಮಬ್ಬು ಬಿಡುತ್ತದೆ. ಆ ಫ್ಯಾನಿನ ಮೋಟರು ಹೋದ ಮಳೆಗಾಲದಲ್ಲೇ ಸತ್ತಿತ್ತು. ಗುರುಪಾದಪ್ಪ ಎಡಗೈಯಲ್ಲಿ ಟವೆಲ್ ಹಿಡಿದು ಒರೆಸುತ್ತ, ಬಲಗೈಯಲ್ಲಿ ಓಡಿಸುತ್ತಿದ್ದ.

"ಕಣ್ಣು ತೋರಸ್ರಿ ಅಂತ ಎಷ್ಟ್ ಸಲ ಹೇಳೀನಿ ಅಪ್ಪಾ," ಎಂದ ಹಿರಿಮಗ ರವಿಕಿರಣ, ಅವತ್ತು ರಾತ್ರಿ ಊಟಕ್ಕೆ ಕೂತಾಗ. ಅವನು ಕಾಲೇಜೊಂದರ ಆಫೀಸಿನಲ್ಲಿ ಗುಮಾಸ್ತ. ಮನೆಯಲ್ಲೂ ಸುತ್ತೋಲೆ ಓದಿದ ಹಾಗೆ ಮಾತಾಡುತ್ತಾನೆ.

"ಕಣ್ಣು ಚಲೋ ಅದಾವ. ಗಾಜಿಗೆ ಮಬ್ಬು ಕಟ್ಟಿತ್ತು."

"ಮಬ್ಬು ಎಲ್ಲಾರ ಗಾಡಿಗೂ ಕಟ್ತದ. ಎಲ್ಲಾರೂ ಬೆಂಚಿಗೆ ಗುದ್ದಂಗಿಲ್ಲ."

"ಎಲ್ಲಾರೂ ಗಾಡ್ಯಾಗ ರೊಟ್ಟಿ ಹೇರಂಗಿಲ್ಲ!"

ರತ್ನವ್ವ ಇಬ್ಬರ ತಟ್ಟೆಗೂ ಎಣಗಾಯಿ ಬಡಿಸಿ, "ಬಾಯಿಗೆ ರೊಟ್ಟಿ ಹಾಕ್ಕೊಂಡು ಮಾತಾಡ್ರಿ, ದನಿ ಸಣ್ಣಗೆ ಆಗ್ತದ," ಅಂದಳು. ಆದರೆ ರವಿಕಿರಣ ಬಿಡಲಿಲ್ಲ. ಗಾಡಿ ಮಾರಿಬಿಡೋಣ, ಯಲಹಂಕದ ಕಡೆ ಗಿರಾಕಿಯೊಬ್ಬ ಇದ್ದಾನೆ, ರೊಟ್ಟಿ ಒಯ್ಯಲು ಬಾಡಿಗೆ ಗಾಡಿ ಸಾಕು ಎಂದ. ಗುರುಪಾದಪ್ಪ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ.

ಆಗ ಒಳಗಿನಿಂದ ನೀರು ತಂದ ಸೊಸೆ ಸ್ಮಿತಾ, ರವಿಕಿರಣನ ಹೆಂಡತಿ, ಹೇಳಿದಳು: "ಮಾರೂದ್ಯಾಕ? ನಾ ಓಡಸ್ತೇನಿ."

ಇದು ಹೊಸ ಮಾತೇನಲ್ಲ. ಸ್ಮಿತಾ ಮುದ್ದೇಬಿಹಾಳದಲ್ಲಿ ಅಪ್ಪನ ಟ್ರ್ಯಾಕ್ಟರ್ ಓಡಿಸಿ ಬೆಳೆದವಳು. ಮದುವೆಯಾಗಿ ಬಂದ ಮೇಲೆ ಚಿಕ್ಕಬಾಣಾವರದ ಡ್ರೈವಿಂಗ್ ಸ್ಕೂಲಿಗೆ ಹೋಗಿ ಲೈಸೆನ್ಸನ್ನೂ ಮಾಡಿಸಿಕೊಂಡಿದ್ದಳು. ಆ ಪಿಕಪ್ಪಿನ ಸ್ಟೀರಿಂಗ್ ಹಿಡಿಯಬೇಕೆಂಬ ಅವಳ ಆಸೆ ಮನೆಗೆಲ್ಲ ಗೊತ್ತು. ಕೀಲಿ ಮಾತ್ರ ಗುರುಪಾದಪ್ಪನ ಉಡದಾರದಲ್ಲಿ. ಸ್ನಾನಕ್ಕೂ ಬಿಚ್ಚುತ್ತಿರಲಿಲ್ಲ.

"ನನಗs ಕಾಣದ ಗಾಜಿನಾಗ ನಿನಗೆ ಕಾಣ್ತದೇನು?" ಎಂದ ಮಾವ, ಅವಳ ಬಾಯಿ ಮುಚ್ಚಿಸಲೆಂದೇ. "ಮೊದಲ ಆ ಮಬ್ಬು ಬಿಡಸು. ಆಮ್ಯಾಲೆ ಕೀಲಿ ಕೇಳು."

"ಬಿಡಿಸಿದ್ರ ಕೊಡ್ತೀರಿ?"

"ಕೊಡ್ತೇನಿ."

"ಎಲ್ಲಾರೂ ಕೇಳೀರಿಲ್ಲೊ?" ಎಂದು ರತ್ನವ್ವ ಸೌಟು ಎತ್ತಿ ಹಿಡಿದಳು. "ನಾ ಸಾಕ್ಷಿ."

ಗುರುಪಾದಪ್ಪನಿಗೆ ಮಾತು ಬಾಯಿ ಜಾರಿತೆಂದು ಗೊತ್ತಾಯಿತು. ಗಿರಾಕಿಗೆ ಸ್ವಲ್ಪ ತಡಿ ಅನ್ನು ಎಂದು ರವಿಕಿರಣನಿಗೆ ಹೇಳಿ ಎದ್ದ.

ರಸ್ತೆಯ ಮೆಕ್ಯಾನಿಕ್ ನಕ್ಕು ಕಳಿಸಿದ. ಕಂಪನಿ ಅಂಗಡಿಯವರು ಇಷ್ಟು ಹಳೆ ಗಾಡಿಗೆ ಸಾಮಾನು ಬರುವುದಿಲ್ಲ ಎಂದರು. ಕೊನೆಗೆ ಸ್ಮಿತಾ ಮೈದುನ ಚನ್ನುವನ್ನು ಹೊರಡಿಸಿಕೊಂಡು ಯಶವಂತಪುರದ ಮಾರ್ಕೆಟ್ ಯಾರ್ಡಿನ ಆಚೆ ಇರುವ ಗಯಾಸನ ಹಳೆ ಸಾಮಾನಿನ ಅಂಗಡಿಗೆ ಹೋದಳು. ಚನ್ನು ಕೆಲಸ ಹುಡುಕುತ್ತಿರುವವನು, ಎರಡು ವರ್ಷದಿಂದ ಹುಡುಕುತ್ತಲೇ ಇದ್ದಾನೆ. ಅಷ್ಟರಲ್ಲಿ ಫೋನಿನಲ್ಲಿ ನೋಡದ ವಿದ್ಯೆಯೇ ಉಳಿದಿಲ್ಲ.

"ಹೀಟರ್ ಮೋಟರಾ?" ಎಂದ ಗಯಾಸ್. "ಏನ್ ಗುರು, ಊಟಿಗೆ ಶಿಫ್ಟ್ ಆಗ್ತಿದೀರಾ?"

"ನಮಗಲ್ರಿ, ರೊಟ್ಟಿಗೆ ಥಂಡಿ ಆಗ್ತೈತಿ," ಎಂದಳು ಸ್ಮಿತಾ.

ಗಯಾಸ್ ನಕ್ಕು, ಅಟ್ಟದ ಮೇಲಿಂದ ಒಂದು ಮೋಟರು ಇಳಿಸಿ, ಬ್ಯಾಟರಿಗೆ ವಯರ್ ಮುಟ್ಟಿಸಿದ. ಅದು ಗುಂಯ್ ಎಂದು ತಿರುಗಿ ಅವನ ಮೇಜಿನ ಮೇಲಿದ್ದ ಬಿಲ್ಲುಗಳನ್ನೆಲ್ಲ ಹಾರಿಸಿತು. "ನೋಡಿ ಮೇಡಂ, ನಿಮ್ ಕಣ್ಮುಂದೆ ಓಡ್ಸಿದೀನಿ. ಆಮೇಲೆ ಗಯಾಸ್ ಡೂಪ್ಲಿಕೇಟ್ ಕೊಟ್ಟ ಅನ್ಬೇಡಿ."

ಭಾನುವಾರ ಗಾಡಿ ಅಂಗಳದಲ್ಲಿ ನಿಂತಿತು. ಎಡಗಡೆಯ ಗ್ಲೋವ್ ಬಾಕ್ಸ್ ಕಳಚಿ, ಸ್ಮಿತಾ ಕಾಲು ಹೊರಗೆ ತಲೆ ಒಳಗೆ ಮಾಡಿ ಮಲಗಿದಳು. ಎರಡು ಸ್ಕ್ರೂ ಸುಲಭಕ್ಕೆ ಬಂದವು. ಮೂರನೆಯದು ಹಿಂದೆಲ್ಲೋ ಅಡಗಿತ್ತು. ಸ್ಕ್ರೂಡ್ರೈವರ್ ಉದ್ದವಾಯಿತು, ಬೆರಳು ಗಿಡ್ಡವಾಯಿತು. ಚನ್ನು ಟಾರ್ಚ್ ಹಿಡಿದು, "ವೈನಿ, ವಿಡಿಯೋದಾಗ ಅವ ಎರಡು ನಿಮಿಷದಾಗ ತೆಗೀತಾನ," ಅಂದ.

"ಅವನ್ನs ಕರ್ಕೊಂಡು ಬಾ ಹಂಗಾರ!"

ಅಂತೂ ಮೋಟರು ಕೆಳಗಿಳಿಯಿತು. ಜೊತೆಗೆ ಬೂದು ಬಣ್ಣದ ಧೂಳು ಅವಳ ಮುಖದ ಮೇಲೆಲ್ಲ ಸುರಿಯಿತು. ಹೆಸರಘಟ್ಟ ರಸ್ತೆಯ ಧೂಳು, ಅಗೆಯದ ದಿನವೇ ಇಲ್ಲ ಎಂದ ಚನ್ನು. ಇರಬಹುದು ಎಂದು ಸ್ಮಿತಾ ಸೆರಗಿನಿಂದ ಮುಖ ಒರೆಸಿಕೊಂಡಳು. ಹೊಸದಕ್ಕೆ ಚನ್ನು ವಯರ್ ಅದಲುಬದಲು ಸಿಕ್ಕಿಸಿದ್ದರಿಂದ ಫ್ಯಾನು ಉಲ್ಟಾ ತಿರುಗಿ ಉಸಿರಿನಷ್ಟೇ ಸಣ್ಣ ಗಾಳಿ ಬಂತು. ಸ್ಮಿತಾ ಅವನನ್ನು ಪಕ್ಕಕ್ಕೆ ಸರಿಸಿ ತಾನೇ ಸರಿಮಾಡಿದಳು. ಮಾವ ಇಂಜಿನ್ ಓಡಿಸಿದ ಮೇಲೆ ಗುಂಡಿ ತಿರುಗಿಸಿದಾಗ ಬಿಸಿಗಾಳಿ ಭರ್ರನೆ ಗಾಜಿಗೆ ಬಡಿಯಿತು. ರತ್ನವ್ವ ಮುಖ ಒಡ್ಡಿ, "ಹಾ, ಒಲಿ ಮುಂದ ಕೂತಂಗೈತಿ!" ಎಂದು ಚಿಕ್ಕ ಹುಡುಗಿಯ ಹಾಗೆ ನಕ್ಕಳು. ಶೆಡ್ಡಿನ ಹೆಂಗಸರೆಲ್ಲ ಹಿಟ್ಟಿನ ಕೈಯಲ್ಲೇ ಬಂದು ನೋಡಿ ಹೋದರು.

ಗುರುಪಾದಪ್ಪ ಮುಂದಕ್ಕೆ ಬಾಗಿದ. ಗಾಳಿಗೆ ಅಂಗೈ ಹಿಡಿದು ನಿಂತ. ಆಮೇಲೆ, "ಶ್ರಾವಣದ ಮೊದಲ ಸೋಮವಾರ ಕೊಡ್ತೇನಿ. ಚಲೋ ದಿನ," ಅಂದ. ಅವನಿಗೂ ಖುಷಿಯಾಗಿತ್ತು. ಬೆಂಚಿಗೆ ಗುದ್ದಿದ್ದು ಕಣ್ಣಲ್ಲ, ಗಾಜು ಎಂದು ಊರಿಗೆ ಸಾಬೀತಾಗಿತ್ತಲ್ಲ.

ಖುಷಿಯಾದಾಗ ಗುರುಪಾದಪ್ಪ ಮಾಡುವುದು ಒಂದೇ, ಪೂಜೆ. ದಿನಾ ಸ್ನಾನ ಮುಗಿಸಿ, ಗಾಡಿಯ ಬಾನೆಟ್ಟಿನ ತುದಿಗೆ, ಗಾಜಿನ ಬುಡದಲ್ಲಿ ಮೂರು ಬೆರಳು ವಿಭೂತಿ, ನಾಲ್ಕು ಕಾಳು ಅಕ್ಕಿ, ಒಂದು ಚೆಂಡುಹೂ ಇಡುತ್ತಿದ್ದ. ಕೊಂಡ ದಿನದಿಂದ ಒಂದು ದಿನವೂ ತಪ್ಪಿಸಿದವನಲ್ಲ. ಈಗ ಹೊಸ ಮೋಟರಿನ ಸಂತೋಷಕ್ಕೆ ಒಂದು ತಂಬಿಗೆ ನೀರಿನ ಅಭಿಷೇಕ, ಹಿಡಿತುಂಬ ವಿಭೂತಿ, ಬಿಲ್ವಪತ್ರಿ ಸೇರಿದವು. ಫ್ಯಾನು ಒಳಗೆ ಗಾಳಿ ಎಳೆದುಕೊಳ್ಳುವ ಜಾಲರಿಯೂ ಅಲ್ಲೇ, ಗಾಜಿನ ಬುಡದಲ್ಲೇ ಇತ್ತು. ಅದನ್ನು ಯಾರೂ ಯೋಚಿಸಲಿಲ್ಲ.

ಸೋಮವಾರ ಬಂತು. ರತ್ನವ್ವ ಹಬ್ಬದ ಸಿಹಿಯೆಂದು ಮಾದಲಿ ಮಾಡಿದ್ದಳು. ಹೊರಗೆ ಸೋನೆ ಮಳೆ. ಗುರುಪಾದಪ್ಪ ಪೂಜೆ ಮುಗಿಸಿ, ಉಡದಾರದಿಂದ ಕೀಲಿ ಬಿಚ್ಚಿ ಸೊಸೆಯ ಕೈಯಲ್ಲಿಟ್ಟ. ಸ್ಮಿತಾ ಸೀಟಿನಲ್ಲಿ ಕೂತಳು, ರೊಟ್ಟಿ ಗಂಟುಗಳು ಪಕ್ಕದಲ್ಲಿ ಕೂತವು. ಗಾಜು ಮಬ್ಬಾಗತೊಡಗಿತು. ಅವಳು ಗುಂಡಿ ತಿರುಗಿಸಿದಳು. ಒಳಗಿನಿಂದ ಹಲ್ಲು ಕಡಿದಂಥ ಸದ್ದು, ಸುಟ್ಟ ವಾಸನೆ, ಆಮೇಲೆ ಏನೂ ಇಲ್ಲ.

ಗುರುಪಾದಪ್ಪ ಕಿಟಕಿಯೊಳಗೆ ಕೈಯೊಡ್ಡಿದ. ಸ್ಮಿತಾ ಕೀಲಿ ವಾಪಸು ಕೊಟ್ಟಳು. ಕಣ್ಣಲ್ಲಿ ನೀರು ಬಂದದ್ದನ್ನು ಮಳೆಯ ಲೆಕ್ಕಕ್ಕೆ ಹಾಕಲು ಮುಖ ಹೊರಗೆ ಮಾಡಿದಳು.

"ಗಿರಾಕಿಗೆ ಬರೂ ಭಾನುವಾರ ಬಾ ಅಂತೇನಿ," ಎಂದ ರವಿಕಿರಣ. ಹಂಗಿಸುವ ದನಿಯಲ್ಲೇನೂ ಹೇಳಲಿಲ್ಲ. ಅದಕ್ಕೇ ಅವಳಿಗೆ ಹೆಚ್ಚು ಉರಿಯಿತು.

ಆ ವಾರ ಮನೆಯಲ್ಲಿ ತಟ್ಟೆಗಳ ಸದ್ದೇ ಹೆಚ್ಚು. ಬಾಡಿಗೆ ಆಟೋದಲ್ಲಿ ರೊಟ್ಟಿ ಹೋಯಿತು, ತಣ್ಣಗಾಗಿ ಮುಟ್ಟಿತು, ಖಾನಾವಳಿಯವರು ಫೋನ್ ಮಾಡಿ ಬೈದರು. "ಹೆಣ್ಮಕ್ಕಳು ಬಿಚ್ಚಿ ಹಾಕಿದ್ದು, ಹೆಂಗ್ ನಿಲ್ತದ," ಎಂದು ಶೆಡ್ಡಿನಲ್ಲಿ ಯಾರೋ ಅಂದರು. ಅಂದವಳೂ ಹೆಣ್ಣುಮಗಳೇ. ಸ್ಮಿತಾ ಆ ದಿನ ತಟ್ಟಿದ ರೊಟ್ಟಿಗಳು ಎಂದಿಗಿಂತ ತೆಳ್ಳಗಾದವು, ಅಷ್ಟು ಸಿಟ್ಟು ಕೈಯಲ್ಲಿತ್ತು.

ಮರುದಿನ ಊಟದ ಪಾತ್ರೆ ತೊಳೆದಿಟ್ಟು, ಯಾರನ್ನೂ ಕೇಳದೆ ಗಾಡಿಯ ಗ್ಲೋವ್ ಬಾಕ್ಸ್ ಮತ್ತೆ ಕಳಚಿದಳು. ಮೂರನೆಯ ಸ್ಕ್ರೂ ಈಗ ಅವಳಿಗೆ ಪರಿಚಯದ್ದು. ಮೋಟರು ಕೈಗೆ ಬಂದಾಗ ಅದರ ಸುತ್ತ ಒದ್ದೆಯಾದ ಬೂದು ಕೆಸರು ಮೆತ್ತಿ ಗಟ್ಟಿಯಾಗಿತ್ತು. ಅದು ಕೂರುವ ಮೇಲಿನ ಡಬ್ಬಿಯೊಳಗೆ ಕೈ ಹಾಕಿದರೆ ಹಿಡಿ ಹಿಡಿಯಾಗಿ ಅದೇ ಬಂತು. ರಸ್ತೆಯ ಧೂಳು ಇಷ್ಟು ನುಣ್ಣಗೆ ಇರುವುದಿಲ್ಲ. ಅವಳು ಮೂಗಿಗೆ ಹಿಡಿದಳು. ದಿನಾ ಬೆಳಿಗ್ಗೆ ಹಣೆಗೆ ಹಚ್ಚಿಕೊಳ್ಳುವ ವಾಸನೆ. ಕೆಸರಿನೊಳಗೆ ಅಕ್ಕಿಕಾಳು, ಕರಿದಾದ ಚೆಂಡುಹೂ, ಇನ್ನೂ ಹಸಿರಾಗಿದ್ದ ಒಂದು ಬಿಲ್ವಪತ್ರಿ. ನೀರು ಹೊರಗೆ ಹರಿದುಹೋಗಲೆಂದು ಕಂಪನಿಯವರೇ ಬಿಟ್ಟಿದ್ದ ತೂತು ವಿಭೂತಿಯಿಂದ ಸಿಮೆಂಟು ಹಾಕಿದಂತೆ ಮುಚ್ಚಿಹೋಗಿತ್ತು.

ಎಲ್ಲವನ್ನೂ ಒಂದು ತಾಟಿನಲ್ಲಿ ತುಂಬಿಕೊಂಡು ಅತ್ತೆಗೆ ತೋರಿಸಿದಳು.

ರತ್ನವ್ವ ನೋಡಿ, ತಾಟಿನ ಮೇಲೆ ಸೆರಗು ಮುಚ್ಚಿದಳು. "ಹೇಳಬ್ಯಾಡ. ಆ ಮನಶ್ಯಾ ಊಟ ಬಿಟ್ಟು ಕೂಡ್ತಾನ."

"ಹೇಳದಿದ್ರ ನಾ ಕೆಡಿಸಿದೆ ಅಂತಾನೇ ಉಳೀತೈತಿ ಅತ್ತಿ. ಗಾಡೀನೂ ಹೋಗ್ತೈತಿ."

ರತ್ನವ್ವ ತಾಟನ್ನು ಒಲೆಯ ಹಿಂದೆ ಸರಿಸಿಟ್ಟಳು. "ಹಂಗಾರ ಊಟ ಆದ ಮ್ಯಾಲೆ ಹೇಳು."

ಜುನಕ, ರೊಟ್ಟಿ, ಮಜ್ಜಿಗೆ ಎಲ್ಲ ಮುಗಿದು ಗುರುಪಾದಪ್ಪ ತೇಗಿದ ಮೇಲೆ ಸ್ಮಿತಾ ತಾಟು ತಂದು ಮುಂದಿಟ್ಟಳು. ಎಲ್ಲಿಂದ ಬಂತು, ಹೇಗೆ ಹೋಯಿತು, ಎರಡು ಮಾತಿನಲ್ಲಿ ಹೇಳಿದಳು.

"ನನ್ನ ಪೂಜಾದಿಂದ ಗಾಡಿ ಕೆಟ್ಟಿತು ಅಂತೀಯೇನು?"

"ಪೂಜಾದಿಂದ ಅಲ್ರಿ ಮಾವಾರ. ಆ ಜಾಲರಿ ಒಳಗ ಬೂದಿ ಹೋಗಿ..."

"ವಿಭೂತಿಗೆ ಬೂದಿ ಅಂದಿ?" ಗುರುಪಾದಪ್ಪನ ಕೂಗಿಗೆ ಬೆಕ್ಕು ಎದ್ದು ಹೋಯಿತು. "ಇಷ್ಟು ವರ್ಷ ಆ ಗಾಡಿ ಒಂದು ಮನಶ್ಯಾಗ ತಾಗಿಲ್ಲ. ಯಾತಕ್ಕ? ಅದಕ್ಕs!"

"ಬೆಂಚಿಗೆ ತಾಗೇತಲ್ರಿ," ಎಂದು ಚನ್ನು ಬಾಯಿ ಹಾಕಿ, ತಾಯಿಯ ಕಣ್ಣು ಕಂಡು ಮಜ್ಜಿಗೆ ಲೋಟದೊಳಗೆ ಮುಖ ಇಟ್ಟ.

ರವಿಕಿರಣ ತಾಟನ್ನು ಹತ್ತಿರ ಎಳೆದುಕೊಂಡ. ಬೆರಳಿನಿಂದ ಅಕ್ಕಿಕಾಳು ಸರಿಸಿ ನೋಡಿದ. "ಅಪ್ಪಾ," ಎಂದ, ಈ ಸಲ ಸುತ್ತೋಲೆಯ ದನಿ ಇರಲಿಲ್ಲ, "ಅಕಿ ಸರಿ ಕೂಡಿಸಿದ್ಲು. ಅಕಿದೇನೂ ತಪ್ಪಿಲ್ಲ."

ಗುರುಪಾದಪ್ಪ ಆ ಹಸಿರು ಪತ್ರಿಯನ್ನು ಎತ್ತಿಕೊಂಡ. ಸೋಮವಾರ ಅವನೇ ಗಿಡದಿಂದ ಕಿತ್ತದ್ದು, ತುದಿ ಹುಳ ತಿಂದಿದ್ದರಿಂದ ಗುರುತು ಸಿಕ್ಕಿತು. ಕೈ ತೊಳೆದು ಹೊರಗೆ ಹೋದ.

ಮರುದಿನ ಬೆಳಿಗ್ಗೆ ಅವನು ಸ್ನಾನ ಮಾಡಿದ, ಹಣೆಗೆ ವಿಭೂತಿ ಹಚ್ಚಿಕೊಂಡ, ಗಾಡಿಯ ಕಡೆ ತಿರುಗಿಯೂ ನೋಡದೆ ಕಟ್ಟೆಯ ಮೇಲೆ ಕೂತ. ಚೆಂಡುಹೂ ತಟ್ಟೆಯಲ್ಲೇ ಬಾಡಿತು. ಸ್ಮಿತಾಗೆ ಗೆದ್ದೆ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ. ಆ ಮುದುಕನಿಗೆ ಫ್ಯಾಕ್ಟರಿ ಹೋದ ಮೇಲೆ ಬೆಳಿಗ್ಗೆ ಎದ್ದು ಮಾಡಲು ಇದ್ದದ್ದೇ ಆ ಗಾಡಿ, ಆ ಪೂಜೆ. ಒಂದನ್ನು ಉಳಿಸಲು ಹೋಗಿ ಇನ್ನೊಂದನ್ನು ಕಿತ್ತುಕೊಂಡಂತಾಗಿತ್ತು. ಎರಡೂ ಉಳಿಯಬೇಕು ಎಂದು ಅವಳು ಅವತ್ತೇ ಹಟ ಹಿಡಿದಳು.

ಚನ್ನು ಮೋಟರು ಹೊತ್ತು ಗಯಾಸನ ಅಂಗಡಿಗೆ ಓಡಿದ. ಗಯಾಸ್ ಬಿಚ್ಚಿ ನೋಡಿ, "ಏನ್ ಮಗಾ, ಮೋಟರ್‌ಗೆ ಪಲಾವ್ ತಿನ್ಸಿದೀರಾ?" ಎಂದ. ಅಕ್ಕಿ ಕೊಡವಿ, ತೊಳೆದು, ಒಳಗೆ ಸವೆದಿದ್ದ ಬುಶ್ಶಿನ ಬಳೆ ಬದಲಿಸಿ ಕೊಟ್ಟ. ಇತ್ತ ಸ್ಮಿತಾ ಡಬ್ಬಿಯನ್ನೆಲ್ಲ ತೊಳೆದು, ಮುಚ್ಚಿದ್ದ ತೂತಿಗೆ ಕಸಬರಿಗೆ ಕಡ್ಡಿ ತೂರಿಸಿ, ನೀರು ಸರಾಗ ನೆಲಕ್ಕೆ ಬೀಳುವಂತೆ ಮಾಡಿದಳು. ಉಳಿದದ್ದು ಜಾಲರಿ. ಅದರ ಕಂಡಿಗಳು ಅಗಲ. ಅಕ್ಕಿಯೇನು, ಹೂವೇ ಇಳಿಯುತ್ತಿತ್ತು. ಸಣ್ಣ ಕಣ್ಣಿನದು ಬೇಕು. ಅವಳು ಅಡುಗೆಮನೆಯ ಗೋಡೆ ನೋಡಿದಳು.

"ನನ್ನ ಜರಡಿ ಮುಟ್ಟಬ್ಯಾಡ," ಎಂದಳು ರತ್ನವ್ವ, ಬೆನ್ನು ತಿರುಗಿಸಿಯೇ. "ತವರಿಂದ ತಂದದ್ದು."

"ಹಿಟ್ಟಿಗೆ ಹೊಸಾದು ತಂದೇವಲ್ಲತ್ತಿ. ಅದು ಗೋಡಿ ಮ್ಯಾಲೆ ಸುಮ್ನs ತೂಗ್ತೈತಿ."

"ತೂಗಲಿ. ನಿನಗೇನು ಭಾರ?"

ಅಷ್ಟು ಹೇಳಿದವಳು ಸಂಜೆ ತಾನೇ ಜರಡಿ ಇಳಿಸಿ, ಕಟ್ಟಿನ ಮೇಲೆ ಒಮ್ಮೆ ಕೈಯಾಡಿಸಿ, ಸುತ್ತಿಗೆಯಿಂದ ಮೊಳೆ ಎಬ್ಬಿಸಿ ಬಲೆ ಬಿಡಿಸಿಕೊಟ್ಟಳು. "ಗಾಡಿ ಹಿಟ್ಟನ್ನೂ ಇದs ಸೋಸಲಿ," ಎಂದಳು. ಸ್ಮಿತಾ ಅದನ್ನು ಎರಡು ಪದರ ಮಡಚಿ ಜಾಲರಿಯ ಅಡಿಗೆ ತಂತಿಯಿಂದ ಹೊಲಿದಳು. ಅದರ ಕೆಳಗೆ ಎಣ್ಣೆ ಡಬ್ಬಿಯ ತಗಡನ್ನು ಇಳಿಜಾರಾಗಿ ಕೂಡಿಸಿದಳು, ನೀರು ಬಿದ್ದರೆ ತೂತಿನ ಕಡೆಗೇ ಜಾರಲೆಂದು.

ಭಾನುವಾರ ಗಿರಾಕಿ ಬಂದೇಬಿಟ್ಟ. ಯಲಹಂಕದ ಆಚೆ ಹಳ್ಳಿಯ ಸೊಣ್ಣಪ್ಪ, ತರಕಾರಿ ವ್ಯಾಪಾರಿ. ಟೈರಿಗೆ ಒದ್ದು, ಬಾನೆಟ್ ಎತ್ತಿ, "ವಯಸ್ಸಾಗೈತೆ," ಎಂದ. ಸ್ಮಿತಾ ಯಾರಿಗೂ ಕಾಯದೆ, ತಂಬಿಗೆ ತುಂಬ ನೀರು, ವಿಭೂತಿ, ಅಕ್ಕಿ, ಹೂವಿನ ತಟ್ಟೆ ತಂದು ಕಟ್ಟೆಯ ಮೇಲಿದ್ದ ಮಾವನ ಮುಂದೆ ಹಿಡಿದಳು.

"ಪೂಜಾ ಮಾಡ್ರಿ."

"ಕೆಡ್ತದ ಅಂದಿ."

"ಈಗ ಕೆಡಲಿ ನೋಡೂಣು. ತಂಬಿಗಿ ಪೂರಾ ಹಾಕ್ರಿ."

ಗುರುಪಾದಪ್ಪ ಎದ್ದ. ಅವಳ ಮುಖ ನೋಡಿದ, ಅತ್ತಿತ್ತ ನೋಡಿದ, ಕೀಲಿ ಬಿಚ್ಚಿ ಚನ್ನುವಿಗೆ ಕೊಟ್ಟು ತಟ್ಟೆ ಇಸಿದುಕೊಂಡ. ಚನ್ನು ಇಂಜಿನ್ ಓಡಿಸಿಟ್ಟ, ಸ್ಮಿತಾ ಫ್ಯಾನು ಪೂರ್ತಿ ತಿರುಗಿಸಿದಳು. ಗುರುಪಾದಪ್ಪ ವಿಭೂತಿ ಹಾಕಿದ, ಅಕ್ಕಿ ಹಾಕಿದ, ತಂಬಿಗೆ ಬಗ್ಗಿಸಿ ನೀರು ಸುರಿದ. ಎಲ್ಲರೂ ಕಿವಿಗೊಟ್ಟು ನಿಂತರು. ಫ್ಯಾನು ಒಂದೇ ಸಮ ಗುಂಯ್ಗುಡುತ್ತಿತ್ತು. ಗಾಡಿಯ ಅಡಿಯಿಂದ ಬಿಳಿ ನೀರು ಸಣ್ಣ ಧಾರೆಯಾಗಿ ಹರಿದು ಅಂಗಳದ ತುಳಸಿ ಕಟ್ಟೆಯತ್ತ ಹೋಯಿತು.

"ಇನ್ನೊಂದು ತಂಬಿಗಿ!" ಎಂದು ರತ್ನವ್ವ ಕೂಗಿದಳು. ಶೆಡ್ಡಿನವರು ಬಿಂದಿಗೆಯನ್ನೇ ತಂದರು. ಅದನ್ನೂ ಸುರಿದದ್ದಾಯಿತು. ಫ್ಯಾನು ನಿಲ್ಲಲಿಲ್ಲ. ಚನ್ನು ಸಿಳ್ಳೆ ಹೊಡೆದ, ಹೆಂಗಸರು ಚಪ್ಪಾಳೆ ತಟ್ಟಿದರು, ಸ್ಮಿತಾ ಜೋರಾಗಿ ನಕ್ಕುಬಿಟ್ಟಳು.

ಸೊಣ್ಣಪ್ಪ ಒಳಗೆ ಕೈ ಚಾಚಿ ಬಿಸಿಗಾಳಿ ಮುಟ್ಟಿ ನೋಡಿದ. "ಇಂಗೈತಾ ಗಾಡಿ! ನಮ್ ಕಡೆ ಮಂಜಿಗೆ ಇದು ಬೇಕು ಕಣಪ್ಪ. ಯೋಳಿ, ಈವತ್ತೇ ತಗಂಡೋಗ್ತೀನಿ."

ಗುರುಪಾದಪ್ಪ ಖಾಲಿ ಬಿಂದಿಗೆ ಕೆಳಗಿಟ್ಟ. "ಚಾ ಕುಡದು ಹೋಗ್ರಿ. ಗಾಡಿ ಕೊಡೂದಿಲ್ಲ." ರವಿಕಿರಣ ಹೆಂಡತಿಯ ಮುಖ ನೋಡಿ, ಚಹಾ ತರಲು ತಾನೇ ಒಳಗೆ ಹೋದ.

ಸೋಮವಾರ ಬೆಳಿಗ್ಗೆ ಮಳೆ ಹಿಡಿದಿತ್ತು. ರೊಟ್ಟಿ ಗಂಟುಗಳನ್ನು ರವಿಕಿರಣನೇ ಹೊತ್ತು ಮುಂದೆ ಜೋಡಿಸಿದ. ಗುರುಪಾದಪ್ಪ ಪೂಜೆಗೆ ನಿಂತ. ವಿಭೂತಿ ಹಚ್ಚುವಾಗ ಎಡ ಅಂಗೈಯನ್ನು ಜಾಲರಿಯ ಮೇಲೆ ಮುಚ್ಚಿ ಹಿಡಿದುಕೊಂಡ, ಮಗುವಿಗೆ ಎಣ್ಣೆ ಹಚ್ಚುವಾಗ ಕಣ್ಣಿಗೆ ಅಡ್ಡ ಹಿಡಿದ ಹಾಗೆ. ಜರಡಿ ಇದ್ದೇ ಇದೆ, ಆದರೂ ಹಿಡಿದ. ಸ್ಮಿತಾ ಅದನ್ನು ನೋಡಿದಳು. ಕೀಲಿ ಅವಳ ಕೈಗೆ ಬಂತು.

"ನಾನೂ ಬರ್ತೇನಿ," ಎಂದ ಮಾವ. "ಎಂಟನೇ ಮೈಲಿ ತಿರುವು ನಿನಗೆ ಗೊತ್ತಿಲ್ಲ." ಆ ಗಾಡಿಯಲ್ಲಿ ಅವನು ಎಡಗಡೆ ಕೂತದ್ದು ಅದೇ ಮೊದಲು. ತೊಡೆಯ ಮೇಲೊಂದು ಗಂಟು, ಪಕ್ಕದಲ್ಲೆರಡು.

ಕಾಲೇಜು ದಾಟುವಷ್ಟರಲ್ಲಿ ಗಾಜು ಮಬ್ಬಾಯಿತು. ಸ್ಮಿತಾ ಗುಂಡಿ ತಿರುಗಿಸಿದಳು. ಗಾಜಿನ ಬುಡದಿಂದ ಮಬ್ಬು ಬಿಡುತ್ತ ಮೇಲೇರಿತು. ಮೊದಲು ರಸ್ತೆ, ಆಮೇಲೆ ಮುಂದಿನ ಬಸ್ಸಿನ ದೀಪ, ಆಮೇಲೆ ಇಡೀ ಬಸ್ಸು ಕಂಡಿತು. "ಎಡಕ್ಕ ಗುಂಡಿ ಐತಿ," ಎಂದ ಗುರುಪಾದಪ್ಪ. ಅವಳು ಆಗಲೇ ತಪ್ಪಿಸಿದ್ದಳು. "ಆಟೋದವ ಬರ್ತಾನ." ಅವನಿಗೂ ದಾರಿ ಬಿಟ್ಟಿದ್ದಳು. ಎಂಟನೇ ಮೈಲಿಯ ತಿರುವಿನಲ್ಲಿ ಅವನು ಡ್ಯಾಶ್‌ಬೋರ್ಡನ್ನು ಗಟ್ಟಿಯಾಗಿ ಹಿಡಿದ. ತಿರುವು ಮುಗಿದ ಮೇಲೆ ಬಿಟ್ಟ. ಆಮೇಲೆ ಅವನ ಮಾತು ಕೇಳಿಸಲಿಲ್ಲ.

ಅವರು ವಾಪಸು ಬಂದಾಗ ಮಳೆ ನಿಂತಿತ್ತು. ಮೆಸ್ಸುಗಳಿಗೂ ಖಾನಾವಳಿಗಳಿಗೂ ರೊಟ್ಟಿ ಬಿಸಿಯಾಗೇ ಮುಟ್ಟಿತ್ತು. ರತ್ನವ್ವ, ರವಿಕಿರಣ, ಚನ್ನು, ಶೆಡ್ಡಿನವರು ಎಲ್ಲರೂ ಅಂಗಳದಲ್ಲಿ ಕಾಯುತ್ತಿದ್ದರು. ಗುರುಪಾದಪ್ಪ ಕೆಳಗಿಳಿದ. ಅವನ ಒಂದು ಕೆನ್ನೆಯ ಮೇಲೆ ರೊಟ್ಟಿ ಗಂಟಿನ ಬಟ್ಟೆಯ ಗೆರೆ ಮೂಡಿತ್ತು.

"ಹೆಂಗ್ ಓಡಿಸಿದ್ಲು? ಹೇಳ್ರಿ ಲಗೂನ," ಎಂದಳು ರತ್ನವ್ವ.

ಗುರುಪಾದಪ್ಪ ಮೈಮುರಿದು ಆಕಳಿಸಿದ.

"ನನಗೇನ್ ಗೊತ್ತು? ದಾಸರಹಳ್ಳಿ ಬರೂದರಾಗ ನಾ ಮಲಗಿಬಿಟ್ಟಿದ್ದೆ."